ಔಷಧದ ಅಂಶ ಬೇರೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೇರೆ

ಸಂಪಾದಕರೇ,

ಆಂಟಿಬಯೋಟಿಕ್ ಬಗ್ಗೆ ಸುದ್ದಿ ಬಂದಾಗಲೆಲ್ಲ ಒಂದೇ ಪ್ರಶ್ನೆ. ಹಾಲಿನಲ್ಲಿ ಔಷಧ ಉಳಿದಿದೆಯಾ, ಮಾಂಸದಲ್ಲಿ ಉಳಿದಿದೆಯಾ? ಕೇಳಬೇಕಾದ ಪ್ರಶ್ನೆಯೇ, ಆದರೆ ಅಲ್ಲಿಗೇ ನಿಂತುಬಿಡುತ್ತೇವೆ.

ಹಸುವಿಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಕೊಟ್ಟರೆ ಇಂತಿಷ್ಟು ದಿನ ಹಾಲು ಮಾರಬಾರದು ಅಂತಾರೆ. ಆ ದಿನಗಳು ಕಳೆದರೆ ಹಾಲಿನಲ್ಲಿ ಔಷಧ ಇಳಿದುಹೋಗುತ್ತದೆ, ಸರಿ. ಆದರೆ ಆ ಔಷಧಕ್ಕೂ ಸಾಯದೆ ಕರುಳಿನಲ್ಲಿ ಉಳಿದ ಬ್ಯಾಕ್ಟೀರಿಯಾಗಳಿಗೆ ಈ ದಿನದ ಲೆಕ್ಕ ಗೊತ್ತಿಲ್ಲವಲ್ಲ! ಅವು ಸಗಣಿಯಲ್ಲಿ ಹೊರಬಂದು, ಗೊಬ್ಬರದ ಜೊತೆ ಹೊಲಕ್ಕೆ, ಮಳೆನೀರಿನ ಜೊತೆ ಹಳ್ಳಕ್ಕೆ, ಅಲ್ಲಿಂದ ನಾವು ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೂ ಸೇರಬಹುದು. ನಾನು ಮಾಂಸ ತಿನ್ನಲ್ಲ, ನನಗೇನು ಅನ್ನುವವರು ಇದನ್ನು ಗಮನಿಸಲಿ. ಚೆನ್ನಾಗಿ ಬೇಯಿಸಿದರೆ ಮಾಂಸದಲ್ಲಿರುವವು ಸಾಯುತ್ತವೆ, ನಿಜ. ಕತ್ತರಿಸಿದ ಮಣೆ, ಚಾಕು, ಕೈಗಳನ್ನು ಯಾರೂ ಬೇಯಿಸುವುದಿಲ್ಲ ಅಲ್ವಾ.

ಇನ್ನೂ ತಲೆ ಕೆಡಿಸುವ ವಿಷಯ ಇದೆ. ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದ ತನ್ನ ವಿದ್ಯೆಯನ್ನು ಪಕ್ಕದ ಬ್ಯಾಕ್ಟೀರಿಯಾಗೆ ದಾಟಿಸುತ್ತದೆ, ಅದು ಬೇರೆ ಜಾತಿಯದಾದರೂ ಸರಿ. ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರದ ನಕಲು ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೇ. 2015ರಲ್ಲಿ ಚೀನಾದ ವಿಜ್ಞಾನಿಗಳು ಇಂಥ ಉಂಗುರದ ಮೇಲೆ ಎಂಸಿಆರ್-1 ಎಂಬ ಜೀನ್ ಇರುವುದನ್ನು ವರದಿ ಮಾಡಿದರು. ಹಂದಿಗಳಲ್ಲಿ, ಮಾರಾಟದ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ, ಮೂರೂ ಕಡೆ ಅದು ಸಿಕ್ಕಿತ್ತು. ಈ ಜೀನ್ ಇದ್ದರೆ ಕೊಲಿಸ್ಟಿನ್ ನಾಟುವುದಿಲ್ಲ. ಕಿಡ್ನಿಗೆ ಪೆಟ್ಟು ಅಂತ ಹಿಂದೆ ಮೂಲೆಗಿಟ್ಟಿದ್ದ ಔಷಧ ಅದು, ಈಗ ಬೇರೆ ಯಾವುದೂ ಕೆಲಸ ಮಾಡದಿದ್ದಾಗ ಡಾಕ್ಟರುಗಳು ಕೊನೆಗೆ ಹುಡುಕುವುದೂ ಅದನ್ನೇ. ಅಂಥದ್ದನ್ನು ಹಂದಿಗಳು ಬೇಗ ದಪ್ಪಗಾಗಲಿ ಅಂತ ಮೇವಿಗೆ ಬೆರೆಸುತ್ತಿದ್ದರು! ಕಾಯಿಲೆಗಲ್ಲ, ತೂಕಕ್ಕೆ.

2017ರಲ್ಲಿ ಚೀನಾ ಅದನ್ನು ನಿಲ್ಲಿಸಿತು. ಆಮೇಲೆ ಅಲ್ಲಿ ಹಂದಿಗಳಲ್ಲೂ ಜನರಲ್ಲೂ ಕೊಲಿಸ್ಟಿನ್‌ಗೆ ಬಗ್ಗದ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಕಡಿಮೆಯಾಯಿತು. ತೂಕಕ್ಕಾಗಿ ಆಂಟಿಬಯೋಟಿಕ್ ಕೊಡುವುದನ್ನು ಸ್ವೀಡನ್ 1986ರಲ್ಲೇ ನಿಷೇಧಿಸಿತ್ತು, ಯುರೋಪಿಯನ್ ಒಕ್ಕೂಟಕ್ಕೆ ಅದೇ ಕೆಲಸಕ್ಕೆ 2006 ಆಯಿತು. ಮಾತ್ರೆ ಅರ್ಧಕ್ಕೆ ಬಿಟ್ಟ ಅಂತ ರೋಗಿಯನ್ನು ಬೈಯುವುದು ಸುಲಭ, ಮೇವಿನ ಚೀಲದ ತಂಟೆಗೆ ಹೋಗುವವರು ಕಮ್ಮಿ.

ಒಂದು ಕೋರಿಕೆ. ಇನ್ನು ಮುಂದೆ 'ಪರೀಕ್ಷೆಯಲ್ಲಿ ಔಷಧದ ಅಂಶ ಪತ್ತೆಯಾಗಿಲ್ಲ' ಅಂತ ಸುದ್ದಿ ಹಾಕುವಾಗ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡಿದ್ದಾರಾ ಎಂಬುದನ್ನೂ ಕೇಳಿ, ಪಕ್ಕದಲ್ಲೇ ಬರೆಯಿರಿ.

– ನಿಮ್ಮ ಓದುಗ