ಅಪ್ಪಯ್ಯ ಮತ್ತೆ ಜಗಲಿಗೆ ಬಂದರು

ಅಪ್ಪಯ್ಯ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ 100 ದಿನ. ನ್ಯುಮೋನಿಯಾ ಜಾಸ್ತಿಯಾಗಿ ಸಾಗರದಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಜೋರು ಮಳೆ. 19 ದಿನ ಐಸಿಯು, ಅದರಲ್ಲಿ 11 ದಿನ ವೆಂಟಿಲೇಟರ್. ಅಲ್ಲಿ ಜೀವ ಉಳಿಸಿದ ಡಾಕ್ಟರಿಗೆ, ಸಿಸ್ಟರುಗಳಿಗೆ ಅವತ್ತೇ ಕೈ ಮುಗಿದು ಬಂದಿದ್ದೇವೆ. ಈ ಬರಹ ಆಮೇಲೆ ನಮ್ಮ ಮನೆ ಮೆಟ್ಟಿಲು ಹತ್ತಿದವರಿಗೆ.

ಮನೆಗೆ ಬಂದರೆ ಮುಗೀತು ಅಂದುಕೊಂಡಿದ್ದೆವು. ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ರೈಲ್ಸ್ ಟ್ಯೂಬ್, ಪಕ್ಕದಲ್ಲಿ ಗುರ್ ಅನ್ನುವ ಆಕ್ಸಿಜನ್ ಮಷೀನ್. 71 ಕೆ.ಜಿ. ಇದ್ದವರು 55ಕ್ಕೆ ಇಳಿದಿದ್ದರು. ಅಡಿಕೆ ಗೊನೆ ಹೊತ್ತ ಕೈಗೆ ಚಮಚ ಎತ್ತಲು ಆಗುತ್ತಿರಲಿಲ್ಲ. ಡಿಸ್ಚಾರ್ಜ್ ದಿನ ಮಾತ್ರೆಯ ಪಟ್ಟಿ ಕೊಟ್ಟು, ಟ್ಯೂಬಿನಲ್ಲಿ ಊಟ ಹಾಕುವುದನ್ನು ಗಡಿಬಿಡಿಯಲ್ಲಿ ಒಂದು ಸಲ ತೋರಿಸಿದರು, ಅಷ್ಟೇ. ಅದರ ಬಗ್ಗೆ ನನಗೆ ಈಗಲೂ ಬೇಜಾರಿದೆ.

ನಮಗೆ ಕಲಿಸಿದ್ದು ಹಿಂದಿನ ಕೇರಿಯ ಅಕ್ಕ. ರಿಟೈರ್ಡ್ ನರ್ಸ್. ಮೊದಲ ದಿನ ಬಂದವರೇ ಅಪ್ಪಯ್ಯನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಟ್ಯೂಬಿನ ಗುರುತು ಜರುಗಿಲ್ಲವೇ ಅಂತ ನೋಡಿದರು. ಸಿರಿಂಜಿನಲ್ಲಿ ನೀರು, ಆಮೇಲೆ ಸೋಸಿದ ರಾಗಿ ಗಂಜಿ, ಮತ್ತೆ ನೀರು. 'ಒತ್ತಬೇಡ, ತಾನಾಗೇ ಇಳೀಲಿ. ಮುಗಿದ ಮೇಲೆ ಒಂದು ಗಂಟೆ ಮಲಗಿಸಬೇಡ, ಗಂಜಿ ಶ್ವಾಸಕೋಶಕ್ಕೆ ಹೋದರೆ ಮತ್ತೆ ಶಿವಮೊಗ್ಗವೇ' ಅಂದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಎಡ, ಬಲ, ಬೆನ್ನು ಅಂತ ಬರೆದ ಹಾಳೆಯನ್ನು ಗೋಡೆಗೆ ಅಂಟಿಸಿದವರೂ ಅವರೇ. ಸೊಂಟದ ಕೆಳಗೆ ಕೆಂಪಾಗಿದ್ದ ಜಾಗ ಹುಣ್ಣಾಗದೆ ಹೋಗಿದ್ದು ಆ ಹಾಳೆಯಿಂದ. ಅಕ್ಕಾ, ದುಡ್ಡು ಕೊಡಲು ಬಂದರೆ ಬೈದಿರಿ. ಬೈಗುಳ ನೆನಪಿದೆ.

ಮೆಡಿಕಲ್ ಶಾಪಿನ ಅಣ್ಣನಿಗೂ ಒಂದು ಮಾತು. ನಾವು ಎಲ್ಲಾ ಮಾತ್ರೆ ಅರೆದು ಟ್ಯೂಬಿಗೆ ಹಾಕುತ್ತಿದ್ದೇವೆ ಅಂತ ಗೊತ್ತಾದಾಗ, 'ಇದೊಂದು ಅರೆಯುವ ಮಾತ್ರೆಯಲ್ಲ' ಅಂತ ತಡೆದು, ತಾವೇ ಡಾಕ್ಟರಿಗೆ ಫೋನ್ ಮಾಡಿ ಬೇರೆ ಬರೆಸಿದರು.

ರಾತ್ರಿಗಳು ಕಷ್ಟ. ಅಡಿಕೆ ಒಲೆಗೆ ಬೆಂಕಿ ಜಾಸ್ತಿಯಾಯಿತು ಅಂತ ಅಪ್ಪಯ್ಯ ಕೂಗಿ ಎದ್ದೇಳಲು ನೋಡುತ್ತಿದ್ದರು. ಅಮ್ಮನನ್ನು ಯಾರು ಅಂತ ಕೇಳಿದ ದಿನ ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಐಸಿಯುನಲ್ಲಿ ಇದ್ದವರಿಗೆ ಹೀಗಾಗುತ್ತದೆ, ಡೆಲಿರಿಯಮ್ ಅನ್ನುತ್ತಾರೆ, ಹುಚ್ಚಲ್ಲ ಅಂತ ಊರಿನ ಡಾಕ್ಟರು ಹೇಳಿದ ಮೇಲೆ ನಮಗೆ ಉಸಿರು ಬಂತು. ಕನ್ನಡಕ ಹಾಕಿ, ಹಗಲು ಕಿಟಕಿ ತೆಗೆದಿಡಿ, ಗಡಿಯಾರ, ಕ್ಯಾಲೆಂಡರ್ ಕಣ್ಣೆದುರಿಗೆ ಇರಲಿ ಅಂದರು. ಅವತ್ತಿನಿಂದ ಬಂದವರೆಲ್ಲ 'ಇವತ್ತು ಯಾವ ವಾರ ಮಾರಾಯ್ರೇ' ಅಂತ ಕೇಳಿ ಕೇಳಿ, ಕೊನೆಗೊಂದು ದಿನ ಅಪ್ಪಯ್ಯ 'ನಿಮಗ್ಯಾರಿಗೂ ವಾರ ಗೊತ್ತಿಲ್ವಾ?' ಅಂತ ರೇಗಿದರು. ನಾವು ನಕ್ಕಿದ್ದೇ ನಕ್ಕಿದ್ದು.

ಸೇಬು ಹಿಡಿದು ಬಂದು ಮಂಚದ ಸುತ್ತ ಕೂತು 'ನಮ್ಮ ಭಾವನಿಗೂ ಹೀಗೇ ಆಗಿತ್ತು, ಉಳೀಲಿಲ್ಲ' ಅಂದವರಿಗೂ ಥ್ಯಾಂಕ್ಸ್. ಸೇಬು ಮಕ್ಕಳು ತಿಂದರು.

ಕರೆಂಟ್ ಹೋದರೆ ಆಕ್ಸಿಜನ್ ಮಷೀನ್ ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಆಚೆ ಮನೆಯ ಮಾವ ಹೇಳದೆ ಕೇಳದೆ ಜನರೇಟರ್ ತಂದು ಕೊಟ್ಟಿಗೆ ಪಕ್ಕ ಇಟ್ಟರು. ಮರ ಬಿದ್ದು ಲೈನ್ ಹರಿದ ರಾತ್ರಿ ಲೈನ್‌ಮ್ಯಾನ್ ಅಣ್ಣ ಆ ಮಳೆಯಲ್ಲೂ ಬಂದರು, ಕೆಲಸ ಮುಗಿಸಿ ಕಾಫಿಗೂ ನಿಲ್ಲಲಿಲ್ಲ.

ಇನ್ನೊಂದು ವಿಷಯ ನನಗೆ ಗೊತ್ತಾಗಿದ್ದೇ ತಡವಾಗಿ. ಅಡಿಕೆಗೆ ಎರಡನೇ ಸಲ ಕೊಳೆ ರೋಗದ ಔಷಧಿ ಹೊಡೆಯುವ ಹೊತ್ತಿಗೆ ನಾವು ಐಸಿಯು ಬಾಗಿಲಲ್ಲಿ ಇದ್ದೆವು. ತೋಟ ಹೋಯಿತು ಅಂತ ಬಿಟ್ಟಿದ್ದೆ. ಬಂದು ನೋಡಿದರೆ ಗೊನೆಗಳ ಮೇಲೆ ಆ ಔಷಧಿಯ, ಬೋರ್ಡೋ ದ್ರಾವಣದ ನೀಲಿ. ಕೇರಿಯ ಹುಡುಗರು ಮಳೆ ಬಿಟ್ಟ ಎರಡು ದಿನ ನೋಡಿಕೊಂಡು ಹೊಡೆಸಿದ್ದಾರೆ. ಸುಣ್ಣ, ಮೈಲುತುತ್ತದ ಲೆಕ್ಕ ಕೇಳಿದರೆ ಇನ್ನೂ ಕೊಟ್ಟಿಲ್ಲ. ಕೊಡ್ರೋ.

ಫಿಸಿಯೋಥೆರಪಿಯ ತಮ್ಮ ಕೊಟ್ಟ, ಉಸಿರೆಳೆದು ಚೆಂಡು ಎತ್ತುವ ಮೂರು ಚೆಂಡಿನ ಡಬ್ಬಿಯಲ್ಲಿ ಅಪ್ಪಯ್ಯ ಈಗ ಎರಡು ಚೆಂಡು ಎತ್ತುತ್ತಾರೆ. ಟ್ಯೂಬ್ ಹೋಗಿದೆ, ಆಕ್ಸಿಜನ್ ಮಷೀನ್ ವಾಪಸ್ ಕೊಟ್ಟಿದ್ದೇವೆ. ನಿನ್ನೆ ವಾಕರ್ ಹಿಡಿದು ಜಗಲಿಗೆ ಬಂದರು. ಮೊದಲ ಕೊಯ್ಲಿನ ಅಡಿಕೆ ಸುಲಿಯುತ್ತಿದ್ದೆವು. ಸ್ವಲ್ಪ ಹೊತ್ತು ನೋಡಿ, ನನ್ನ ಬುಟ್ಟಿಯಿಂದ ಒಂದು ಅಡಿಕೆ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

'ಯಾರು ಸುಲಿದದ್ದು ಇದು? ಅರ್ಧ ಸಿಪ್ಪೆ ಇದರಲ್ಲೇ ಇದೆ.'