ಗುರುವಾರ ನಸುಕಿನಲ್ಲಿ ಬಿಳಿ ದ್ರಾಕ್ಷಿ ಕೊಯ್ಲು

ಎಲ್ಲರಿಗೂ ನಮಸ್ಕಾರ. ಇಂದು ಸಾವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್ ದ್ರಾಕ್ಷಿಯ ಸಾಲುಗಳಲ್ಲಿ ಅಲ್ಲಲ್ಲಿ ಹಣ್ಣು ಹಿಂಡಿ ನೋಡಿದೆ. ಸಕ್ಕರೆ 21ರಿಂದ 22 ಬ್ರಿಕ್ಸ್ (ಅಂದರೆ ರಸದ ತೂಕದಲ್ಲಿ ಸುಮಾರು ಅಷ್ಟು ಶೇಕಡಾ ಸಕ್ಕರೆ) ತೋರಿಸುತ್ತಿದೆ, ಬೀಜ ಕಂದು ಬಣ್ಣಕ್ಕೆ ತಿರುಗಿದೆ, ಹುಳಿ ಇನ್ನೂ ನಾಲಗೆಗೆ ಚುರುಕಾಗಿದೆ. ಮತ್ತೆ ಒಂದು ವಾರ ಕಾದರೆ ವಿಜಯಪುರದ ಬಿಸಿಲು ಆ ಹುಳಿಯನ್ನು ತಿಂದುಹಾಕುತ್ತದೆ. ಸಪ್ಪೆ ವೈನ್ ಯಾರಿಗೆ ಬೇಕು? ಆದ್ದರಿಂದ ಗುರುವಾರವೇ ಕೊಯ್ಲು. ಕೆಂಪು ವೈನಿನ ಶಿರಾಜ್ ದ್ರಾಕ್ಷಿ 24 ಬ್ರಿಕ್ಸ್ ದಾಟುವವರೆಗೆ ಗಿಡದಲ್ಲೇ ಇರಲಿ; ಅದಕ್ಕೆ ಹನಿ ನೀರು ಇಂದಿನಿಂದ ಕಡಿಮೆ.

ಬೆಳಿಗ್ಗೆ 5ಕ್ಕೆ ಕತ್ತರಿ, ಬ್ಯಾಟರಿಯೊಂದಿಗೆ ಬನ್ನಿ. 9ಕ್ಕೆ ಕೆಲಸ ಮುಗಿಯಬೇಕು. ಕ್ರೇಟಿನಲ್ಲಿ ಹಣ್ಣನ್ನು ಅಂಚಿಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲಿಸಿ, ಇಲ್ಲವಾದರೆ ಮೇಲಿನ ಕ್ರೇಟು ಕೆಳಗಿನ ಗೊಂಚಲನ್ನು ಜಜ್ಜುತ್ತದೆ. ಕಳೆದ ವರ್ಷ ತುಂಬಿದ ಕ್ರೇಟುಗಳನ್ನು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಬಿಟ್ಟು, ರಸ ಚಹಾದ ಬಣ್ಣಕ್ಕೆ ತಿರುಗಿತ್ತು. ತಪ್ಪು ನನ್ನದೇ, ಟ್ರ್ಯಾಕ್ಟರಿಗೆ ತಡವಾಗಿ ಹೇಳಿದ್ದೆ. ಈ ಸಲ ಅದು 6ಕ್ಕೇ ಬಂದು ಬೇವಿನ ನೆರಳಿನಲ್ಲಿ ನಿಲ್ಲುತ್ತದೆ.

ತಮ್ಮ ತೋಟದ ಹಣ್ಣು ತರುವವರು ಔಷಧಿ ಹೊಡೆದ ಲೆಕ್ಕದ ಪುಸ್ತಕ ಮರೆಯಬೇಡಿ. ಬೂದಿ ರೋಗಕ್ಕೆ ಇತ್ತೀಚೆಗೆ ಗಂಧಕ ಹೊಡೆದಿದ್ದರೆ ಸಂಕೋಚವಿಲ್ಲದೆ ಹೇಳಿ. ಹಣ್ಣಿನ ಮೇಲೆ ಗಂಧಕ ಉಳಿದಿದ್ದರೆ ರಸ ಹುದುಗುವಾಗ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಅಂತಹ ಹಣ್ಣನ್ನು ಬೇರೆ ತೊಟ್ಟಿಗೆ ಹಾಕೋಣ.

ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ಆಳುಗಳ ಮಾತು ಕೊಯ್ಲಿನ ನಂತರ. ಬರುವವರು ಇಂದು ರಾತ್ರಿ 8ರೊಳಗೆ ಹೆಸರು ಹಾಕಿ, ಉಪ್ಪಿಟ್ಟಿಗೆ ರವೆ ಅಳೆಯಬೇಕು.