ಎರಡು ಹೆಜ್ಜೆಯ ಅಳುಕು

ಪ್ರಿಯ ಮಿತ್ರರೇ,

ನೈಟ್ ಎಂಬ ಮಧ್ಯಯುಗದ ಯುರೋಪಿನ ಕುದುರೆ ಸವಾರ ಯೋಧನ ಬಗ್ಗೆ ನೀವು ಬರೆದ ಕಥೆ ಓದಿದೆ. ಕತ್ತಿವರಸೆ ಚುರುಕಾಗಿದೆ. ಆದರೆ ನಾಲ್ಕು ಕಾಳಗ ಮುಗಿದರೂ ನಾಯಕ ಎಂಥವನೆಂದು ತಿಳಿಯುವುದಿಲ್ಲ. ಸಿಕ್ಕಿದವರನ್ನೆಲ್ಲ ಸೋಲಿಸುತ್ತಾನೆ, ಅಷ್ಟೆ. ನೈಟ್‌ಗಳ ಸಾಹಸ, ಪ್ರೇಮದ ಕಥೆ ಹೇಳುತ್ತಿದ್ದ ಮಧ್ಯಯುಗದ ರೊಮಾನ್ಸ್ ಕವಿಗಳ ಕಣ್ಣಿರುತ್ತಿದ್ದುದು ಗೆಲುವಿಗಿಂತ ಹೆಚ್ಚಾಗಿ, ನಾಯಕ ಎಲ್ಲಿ ಮಾತಿಗೆ ತಪ್ಪುತ್ತಾನೆ ಎಂಬುದರ ಮೇಲೆ.

ಹನ್ನೆರಡನೆಯ ಶತಮಾನದ ಫ್ರೆಂಚ್ ಕವಿ ಕ್ರೆಟಿಯಾನ್ ದ ತ್ರ್ವಾ ಚಿತ್ರಿಸಿದ ಲಾನ್ಸೆಲಾಟ್‌ನನ್ನು ನೋಡಿ. ಅಪಹರಣಕ್ಕೊಳಗಾದ ತನ್ನ ಪ್ರೇಯಸಿ, ಆರ್ಥರ್ ದೊರೆಯ ರಾಣಿ ಗ್ವಿನೆವೀರಳನ್ನು ಹುಡುಕುವಾಗ ಅವನ ಕುದುರೆ ಸಾಯುತ್ತದೆ. ಎದುರಿಗೆ ಅಪರಾಧಿಗಳನ್ನು ಊರೆಲ್ಲ ಸುತ್ತಿಸುವ ಗಾಡಿ. ಹತ್ತಿದರೆ ರಾಣಿಯ ಸುದ್ದಿ ಸಿಗುತ್ತದೆ ಎನ್ನುತ್ತಾನೆ ಗಾಡಿ ಹೊಡೆಯುವ ಕುಳ್ಳ. ಹತ್ತಿದರೆ ಮಾನವೂ ಹೋಗುತ್ತದೆ. ಲಾನ್ಸೆಲಾಟ್ ಎರಡು ಹೆಜ್ಜೆ ಅಳುಕಿ ಆಮೇಲೆ ಹತ್ತುತ್ತಾನೆ. ಮುಂದೆ ಕತ್ತಿಯ ಅಲಗಿನ ಸೇತುವೆಯನ್ನು ಕೈಕಾಲು ಕೊಯ್ದುಕೊಂಡು ದಾಟಿ, ಅಪಹರಿಸಿದವನನ್ನು ಎದುರಿಸಿದರೂ ರಾಣಿ ಮುಖ ಕೊಟ್ಟು ಮಾತಾಡುವುದಿಲ್ಲ. ಕಾರಣ ಆ ಎರಡು ಹೆಜ್ಜೆ! ‘ಸ್ವಲ್ಪ ಹಿಂದೆಮುಂದೆ ನೋಡಿದ’ ಎಂದಷ್ಟೇ ಬರೆದಿದ್ದರೆ ಆ ಕೋಪಕ್ಕೆ ಕಾವೇ ಇರುತ್ತಿರಲಿಲ್ಲ. ತಪ್ಪು ಸಣ್ಣದಿರಲಿ, ಅಳತೆಗೆ ಸಿಗುವಂತಿರಲಿ.

ಷರತ್ತನ್ನು ಮೊದಲೇ ಓದುಗರ ಕೈಗಿಡಿ. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕಾವ್ಯದಲ್ಲಿ ಆರ್ಥರನ ನೈಟ್ ಗವೇನ್, ಸವಾಲು ಹಾಕಿದ ಹಸಿರು ನೈಟ್‌ನ ತಲೆ ಕಡಿಯುತ್ತಾನೆ; ತಲೆ ಹೋದರೂ ಸಾಯದ ಅವನ ಕೊಡಲಿಗೆ ಒಂದು ವರ್ಷ ಒಂದು ದಿನಕ್ಕೆ ತಾನೂ ಕೊರಳೊಡ್ಡಬೇಕು. ದಾರಿಯಲ್ಲಿ ಉಳಿದ ಕೋಟೆಯಲ್ಲಿ ಇನ್ನೊಂದು ಒಪ್ಪಂದ: ದಿನದ ಗಳಿಕೆಯನ್ನು ಸಂಜೆ ಯಜಮಾನನೊಂದಿಗೆ ಬದಲಾಯಿಸಿಕೊಳ್ಳುವುದು. ಯಜಮಾನನ ಹೆಂಡತಿ ಕೊಟ್ಟ ಚುಂಬನಗಳನ್ನು ಗವೇನ್ ಮೊದಲ ದಿನ ಒಂದು, ಮರುದಿನ ಎರಡು, ಮೂರನೆಯ ದಿನ ಮೂರು ಹೀಗೆ ಪ್ರಾಮಾಣಿಕವಾಗಿ ಒಪ್ಪಿಸುತ್ತಾನೆ. ಜೀವ ಉಳಿಸುತ್ತದೆಂದು ಅವಳು ಕೊಟ್ಟ ಹಸಿರು ಸೊಂಟಪಟ್ಟಿಯನ್ನು ಮಾತ್ರ ಬಚ್ಚಿಡುತ್ತಾನೆ. ಕೊನೆಗೆ ಕೊಡಲಿ ಎರಡು ಸಲ ಬರೀ ಬೀಸಿ ನಿಲ್ಲುತ್ತದೆ. ಮೂರನೆಯದು ಕತ್ತನ್ನು ಗೀರುತ್ತದೆ. ಕೋಟೆಯ ಯಜಮಾನನೇ ಆ ಹಸಿರು ನೈಟ್; ಮೂರು ದಿನದ ಲೆಕ್ಕ ಮೂರು ಏಟಿನಲ್ಲಿ ಚುಕ್ತಾ. ಇಷ್ಟು ಬಿಗಿಯಾದ ಕಟ್ಟಡ ನನಗೆ ಬೇರೆಲ್ಲೂ ಕಂಡಿಲ್ಲ.

ನಿಮ್ಮ ನಾಯಕ ಎಡವುವುದಾದರೆ ಅವನ ಒಳ್ಳೆಯ ಗುಣವೇ ಅದಕ್ಕೆ ಕಾರಣವಾಗಲಿ. ಹೆಚ್ಚು ಮಾತಾಡಬಾರದೆಂಬ ಗುರುವಿನ ಬುದ್ಧಿವಾದ ಪಾಲಿಸಲು ಹೋಗಿ ಕ್ರೆಟಿಯಾನ್‌ನ ಇನ್ನೊಬ್ಬ ನಾಯಕ ಪರ್ಸಿವಲ್, ಗ್ರೇಲ್ ಎಂಬ ಪವಿತ್ರ ಪಾತ್ರೆಯ ಬಗ್ಗೆ ಕೇಳಲೇಬೇಕಿದ್ದ ಪ್ರಶ್ನೆ ಕೇಳದೆ ಉಳಿಯುತ್ತಾನೆ. ಅದೇ ಕವಿಯ ಮತ್ತೊಬ್ಬ ನೈಟ್ ಐವೇನ್ ಕೀರ್ತಿಗಾಗಿ ಪಂದ್ಯಗಳಲ್ಲಿ ಮುಳುಗಿ, ಹೆಂಡತಿ ಕೊಟ್ಟ ಒಂದು ವರ್ಷದ ಗಡುವು ಮರೆಯುತ್ತಾನೆ.

ಇನ್ನು ಕಾಳಗ. ನಿಮ್ಮ ಕಥೆ ನಡೆಯುವುದು 1180ರಲ್ಲಿ. ಮೈತುಂಬ ಉಕ್ಕಿನ ಫಲಕದ ಕವಚ ಆಗ ಇರಲಿಲ್ಲ. ಕಬ್ಬಿಣದ ಉಂಗುರ ಹೆಣೆದ ಅಂಗಿ, ಒಳಗೆ ದಪ್ಪನೆಯ ಹೊಲಿಗೆಯ ಬಟ್ಟೆ, ತಲೆಗೆ ಶಿರಸ್ತ್ರಾಣ, ಕೈಯಲ್ಲಿ ಗುರಾಣಿ, ಇಷ್ಟೆ. ಕಂಕುಳಲ್ಲಿ ಅವುಚಿದ ಭರ್ಜಿ ಮೊದಲ ಡಿಕ್ಕಿಗೇ ಮುರಿಯಬಹುದು. ನಿಮ್ಮದು ಮೂರು ಸಲ ಬಡಿದರೂ ಹೊಸದಾಗಿಯೇ ಇದೆ. ಭರ್ಜಿ ಮುರಿದು, ಸವಾರ ಉರುಳಿ, ನೆಲದ ಮೇಲೆ ಕತ್ತಿ ಹಿಡಿಯಲಿ. ಸೋತವನು ಶರಣೆಂದರೆ ಕೊಲ್ಲಿಸಬೇಡಿ. ತನ್ನ ಸೋಲನ್ನು ತಾನೇ ಹೇಳಿಕೊಳ್ಳಲು ಅವನನ್ನು ಆಸ್ಥಾನಕ್ಕೆ ಕಳಿಸಿ. ಆಗ ನಿಮ್ಮ ಎರಡನೆಯ ಮತ್ತು ನಾಲ್ಕನೆಯ ಕಾಳಗಗಳನ್ನು ಬರೆಯುವ ಅಗತ್ಯವೇ ಬೀಳದು. ಸೋತವರ ಬಾಯಲ್ಲೇ ಬಂದುಬಿಡುತ್ತವೆ.

ನಿಮ್ಮ ಹಿತೈಷಿ